ಆರು ಫ್ಯಾನ್ ತಿರುಗುತ್ತಿವೆ, ಗ್ರಾಫಿಕ್ಸ್ ಕಾರ್ಡ್ ಮಾತ್ರ 84 ಡಿಗ್ರಿ. ಎಲ್ಲಿ ಎಡವಿದೆ?

ರಾತ್ರಿರೆಂಡರ್

ನಮಸ್ಕಾರ. ಒಂದು ವಾರದಿಂದ ತಲೆ ಕೆಡಿಸಿಕೊಂಡು ಕೂತಿದ್ದೇನೆ, ಯಾರಾದರೂ ದಾರಿ ತೋರಿಸಿ.

ನನ್ನ ಕೆಲಸವೆಲ್ಲ ಬ್ಲೆಂಡರ್ ಅನ್ನುವ 3ಡಿ ತಂತ್ರಾಂಶದಲ್ಲಿ. ಹಗಲೆಲ್ಲ ಸೀನ್ ಕಟ್ಟಿ, ರಾತ್ರಿ ರೆಂಡರ್‌ಗೆ (ಸೀನನ್ನು ಲೆಕ್ಕಹಾಕಿ ಚಿತ್ರವಾಗಿ ಮೂಡಿಸುವ ಕೆಲಸ) ಹಾಕಿ ಮಲಗುತ್ತೇನೆ. ಅಂದರೆ ನನ್ನ ಕಂಪ್ಯೂಟರ್ ಬೆವರು ಸುರಿಸುವುದೇ ನಾನು ನಿದ್ದೆಯಲ್ಲಿರುವಾಗ. ಮೂರು ತಿಂಗಳ ಹಿಂದೆ ನಾನೇ ಕೂತು ಜೋಡಿಸಿದ್ದು. ಮೊದಲ ಸಲ ಮಾಡಿದ್ದು, ಹಾಗಾಗಿ ತಪ್ಪಿದ್ದರೆ ಸಂಕೋಚ ಬೇಡ, ಹೇಳಿಬಿಡಿ.

ಕ್ಯಾಬಿನೆಟ್ಟಿನ ಮುಂದೆ ಪೂರ್ತಿ ಗಾಜು. ಗಾಜಿನ ಎರಡೂ ಪಕ್ಕದಲ್ಲಿ ಕಿರುಬೆರಳು ಕಷ್ಟಪಟ್ಟು ತೂರುವಷ್ಟು ಸಂದು. ಅದರ ಹಿಂದೆ ಧೂಳಿನ ಫಿಲ್ಟರ್, ಅದರ ಹಿಂದೆ ಮೂರು 120 ಎಂಎಂ ಫ್ಯಾನ್. ಕೆಳಗಿನ ಎರಡು ಫ್ಯಾನಿಗೆ ಪ್ರೊಸೆಸರನ್ನು ತಣ್ಣಗಿಡುವ 240 ಎಂಎಂ ಲಿಕ್ವಿಡ್ ಕೂಲರಿನ ರೇಡಿಯೇಟರ್ ಕಟ್ಟಿದೆ, ಅದರ ಪಂಪ್ ಪ್ರೊಸೆಸರ್ ಮೇಲೆ ಕೂತಿದೆ. ಮೇಲಿನದು ಬರೀ ಫ್ಯಾನ್. ಮೂರೂ ಗಾಳಿ ಒಳಕ್ಕೆ ಎಳೆಯುತ್ತವೆ. ಕ್ಯಾಬಿನೆಟ್ಟಿನ ನೆತ್ತಿಯಲ್ಲಿ ಎರಡು, ಹಿಂದೆ ಒಂದು, ಇವು ಮೂರೂ ಹೊರಕ್ಕೆ ತಳ್ಳುತ್ತವೆ. ಮೂರು ಒಳಕ್ಕೆ, ಮೂರು ಹೊರಕ್ಕೆ. ಲೆಕ್ಕ ಸರಿ ಇದೆ ಅಲ್ವಾ?

ರೆಂಡರ್ ಶುರುವಾಗಿ ಅರ್ಧ ಗಂಟೆಗೆ ಗ್ರಾಫಿಕ್ಸ್ ಕಾರ್ಡ್ 84, ಅದರ ಹಾಟ್‌ಸ್ಪಾಟ್ (ಚಿಪ್ಪಿನ ಅತಿ ಬಿಸಿ ಜಾಗ) 98. ಪ್ರೊಸೆಸರ್ 58ರ ಆಸುಪಾಸು. ಕೋಣೆಯಲ್ಲಿ 27. ಕಾರ್ಡಿನ ಮೂರು ಫ್ಯಾನೂ ಕಿರುಚಾಡುತ್ತವೆ.

ಇನ್ನೊಂದು ವಿಚಾರ. ಬೆಳಿಗ್ಗೆ ಆನ್ ಮಾಡಿದ ತಕ್ಷಣ ಪಂಪಿನ ಕಡೆಯಿಂದ ಗುಳುಗುಳು ಸದ್ದು. ಹೂಜಿಯಿಂದ ನೀರು ಬಗ್ಗಿಸಿದ ಹಾಗೆ. ಒಂದೆರಡು ನಿಮಿಷಕ್ಕೆ ನಿಂತುಹೋಗುತ್ತೆ.

ಧೂಳಿನ ಸಮಸ್ಯೆ ಅಂತೂ ಅಲ್ಲ. ಮೊನ್ನೆ ಮುಂದಿನ ಫಿಲ್ಟರ್ ತೆಗೆದು ನೋಡಿದೆ, ಡಬ್ಬದಿಂದ ಈಗಷ್ಟೇ ತೆಗೆದ ಹಾಗಿದೆ. ಹಿಂಬದಿಯಲ್ಲಿ ಕಾರ್ಡ್ ಕೂರಿಸುವ ಖಾಲಿ ಜಾಗ ಮುಚ್ಚುವ ಸ್ಲಾಟ್ ಪಟ್ಟಿಗಳ ತೂತಿನ ಸುತ್ತ ಮಾತ್ರ ಒಂದಿಷ್ಟು ಕೂತಿತ್ತು, ಒರೆಸಿದೆ.

ಇನ್ನೂ ಮೂರು ಫ್ಯಾನ್ ತರಲಾ? ಅಥವಾ 240 ಕೊಟ್ಟು 360 ರೇಡಿಯೇಟರ್ ಹಾಕಿಸಲಾ?

ತಿರುಪುಮೊಳೆ

ಏನೂ ತರಬೇಡಿ. ಈಗಿರೋದಕ್ಕೇ ಗಾಳಿ ಸಿಗ್ತಿಲ್ಲ, ಇನ್ನೂ ಮೂರು ತಂದು ಏನು ಮಾಡ್ತೀರಿ.

ರೆಂಡರ್ ಓಡುವಾಗ ಮೂರು ಸಲ ನೋಡಿ. ಎಲ್ಲ ಮುಚ್ಚಿ ಒಮ್ಮೆ. ಮುಂದಿನ ಗಾಜು ಮಾತ್ರ ತೆಗೆದು ಒಮ್ಮೆ. ಗಾಜು ವಾಪಸ್ ಹಾಕಿ, ಪಕ್ಕದ ಬಾಗಿಲು ತೆಗೆದು ಒಮ್ಮೆ. ಪ್ರತಿ ಸಲಕ್ಕೂ ಇಪ್ಪತ್ತು ನಿಮಿಷ ಬಿಡಿ, ಅವಸರ ಬೇಡ. ಆಮೇಲೆ ಮುಂದಿನ ಫ್ಯಾನ್‌ಗಳು ಆ ಹೊತ್ತಲ್ಲಿ ಎಷ್ಟು ಆರ್‌ಪಿಎಂನಲ್ಲಿ (ನಿಮಿಷಕ್ಕೆ ಎಷ್ಟು ಸುತ್ತು) ಇವೆ ಅಂತ ಎಚ್‌ಡಬ್ಲ್ಯೂಇನ್ಫೋ ಅನ್ನೋ ತಂತ್ರಾಂಶದಲ್ಲಿ ನೋಡಿ ಬರೆಯಿರಿ. ಯಾವ ಫ್ಯಾನಿನ ವೈರ್ ಎಲ್ಲಿಗೆ ಹೋಗಿದೆ ಅನ್ನೋದೂ ಬೇಕು.

ರಾತ್ರಿರೆಂಡರ್

ಮಾಡಿದೆ. ಎಲ್ಲ ಮುಚ್ಚಿದಾಗ 84. ಗಾಜು ತೆಗೆದಾಗ 79. ಪಕ್ಕದ ಬಾಗಿಲು ತೆಗೆದಾಗ 71! ಫ್ಯಾನ್ ಕಿರುಚಾಟವೂ ಅರ್ಧಕ್ಕೆ ಇಳಿಯಿತು.

ಮುಂದಿನ ಮೂರು ಮದರ್‌ಬೋರ್ಡಿಗೆ ಹೋಗಿವೆ. ರೆಂಡರ್ ಹೊತ್ತಲ್ಲಿ 620 ಆರ್‌ಪಿಎಂ ತೋರಿಸುತ್ತಿದೆ. ನೆತ್ತಿಯ ಎರಡು ಮತ್ತು ಹಿಂದಿನ ಒಂದು ಕ್ಯಾಬಿನೆಟ್ ಜೊತೆ ಬಂದ ಹಬ್‌ಗೆ (ಹಲವು ಫ್ಯಾನ್ ವೈರ್ ಒಟ್ಟಿಗೆ ಸೇರುವ ಪುಟ್ಟ ಬೋರ್ಡ್). ಹಬ್‌ಗೆ ಪವರ್ ಸಪ್ಲೈಯಿಂದ ಸಾಟಾ ವೈರ್ ಬಂದಿದೆ ಅಷ್ಟೇ. ಅವುಗಳ ಆರ್‌ಪಿಎಂ ಎಲ್ಲೂ ಕಾಣಿಸುತ್ತಿಲ್ಲ.

ಹಳೇಮದರ್‌ಬೋರ್ಡ್

ಸಾರ್, ನಿಮ್ಮ ಮೊದಲ ಪೋಸ್ಟ್‌ನಲ್ಲೇ ಉತ್ತರ ಇತ್ತು. ನೀವು ಖುಷಿಯಿಂದ ಹೇಳಿದ ಆ ಕ್ಲೀನ್ ಫಿಲ್ಟರ್. ಮೂರು ತಿಂಗಳು ರಾತ್ರಿಯಿಡೀ ಓಡಿದ ಕಂಪ್ಯೂಟರಿನ ಮುಂದಿನ ಫಿಲ್ಟರ್ ಹೊಸದರ ಹಾಗಿದೆ ಅಂದರೆ ಅದರ ಮೂಲಕ ಗಾಳಿ ಹೋಗೇ ಇಲ್ಲ. ಧೂಳು ಎಲ್ಲಿ ಕೂತಿತ್ತು? ಹಿಂದಿನ ಸ್ಲಾಟ್ ಪಟ್ಟಿಯ ತೂತುಗಳಲ್ಲಿ. ಅಲ್ಲಿಂದ ಉಸಿರಾಡುತ್ತಿದೆ ನಿಮ್ಮ ಕ್ಯಾಬಿನೆಟ್.

ನಂಬಿಕೆ ಬರದಿದ್ದರೆ ಒಂದು ಟಿಶ್ಯೂ ಪೇಪರ್ ತಗೊಳ್ಳಿ. ಬೆರಳಗಲ ಹರಿದು, ಪೆನ್ಸಿಲ್ ತುದಿಗೆ ಟೇಪಿನಲ್ಲಿ ಅಂಟಿಸಿ. ರೆಂಡರ್ ಓಡುತ್ತಿರುವಾಗ ಆ ಪಟ್ಟಿಯನ್ನು ಹಿಂದಿನ ಸ್ಲಾಟ್‌ಗಳ ಹತ್ತಿರ ಹಿಡಿಯಿರಿ. ಅದು ತೂತಿಗೆ ಹೋಗಿ ಪಟ್ಟಂತ ಅಂಟಿಕೊಂಡರೆ ನಾನು ಹೇಳಿದ್ದು ಸರಿ. ಆಮೇಲೆ ಮುಂದಿನ ಗಾಜಿನ ಸಂದಿಗೆ ಹಿಡಿಯಿರಿ. ಅಲ್ಲಿ ಅಲುಗಾಡಿದರೆ ಹೆಚ್ಚು.

ಏನಾಗ್ತಿದೆ ಅಂದರೆ, ಮದರ್‌ಬೋರ್ಡ್ ಸುಮ್ನೆ ಬಿಟ್ಟರೆ ಫ್ಯಾನ್ ವೇಗವನ್ನು ಪ್ರೊಸೆಸರ್ ಶಾಖ ನೋಡಿ ತೀರ್ಮಾನ ಮಾಡುತ್ತೆ. ನಿಮ್ಮ ರೆಂಡರ್ ಪೂರ್ತಿ ಗ್ರಾಫಿಕ್ಸ್ ಕಾರ್ಡ್ ಮೇಲೆ. ಪ್ರೊಸೆಸರ್ 58ರಲ್ಲಿ ಹಾಯಾಗಿ ಕೂತಿದೆ. ಮದರ್‌ಬೋರ್ಡಿಗೆ ಅನ್ನಿಸುತ್ತೆ, ಓಹೋ ಎಲ್ಲ ತಣ್ಣಗಿದೆ, 620 ಸಾಕು. ಪಕ್ಕದಲ್ಲೇ ಕಾರ್ಡ್ ಬೇಯುತ್ತಿರುವುದು ಅದಕ್ಕೆ ಗೊತ್ತೇ ಇಲ್ಲ. ಆ ಕಡೆ ಹಬ್‌ನಲ್ಲಿರುವ ಮೂರು ಫ್ಯಾನ್‌ಗಳಿಗೆ ಸಾಟಾದಿಂದ ಸದಾ 12 ವೋಲ್ಟ್, ಸದಾ ಪೂರ್ತಿ ವೇಗ. ಒಳಕ್ಕೆ ಎಳೆಯುವವು ಮೂರು, ಹೊರಕ್ಕೆ ತಳ್ಳುವವು ಮೂರು ಅನ್ನೋ ನಿಮ್ಮ ಲೆಕ್ಕ ಇಲ್ಲೇ ಕೈಕೊಟ್ಟಿದ್ದು. ಎಳೆಯುವ ಮೂರೂ ನಿದ್ದೆಗಣ್ಣಲ್ಲಿವೆ, ಅದರಲ್ಲಿ ಎರಡರ ಬಾಯಿಗೆ ರೇಡಿಯೇಟರ್ ಅಡ್ಡ, ಮೂರಕ್ಕೂ ಫಿಲ್ಟರ್ ಅಡ್ಡ, ಗಾಜು ಅಡ್ಡ.

ರೇಡಿಯೇಟರ್ ಅಡ್ಡಿ ಇಲ್ಲದೆ ಸ್ವಲ್ಪ ಗಾಳಿ ತರುವುದು ಮುಂದಿನ ಮೇಲ್ಗಡೆ ಫ್ಯಾನ್ ಒಂದೇ. ಅದರ ತಲೆಯ ಮೇಲೇ ನೆತ್ತಿಯ ಮೊದಲ ಫ್ಯಾನ್ ಇದೆ. ಒಳಗೆ ಬಂದ ತಣ್ಣನೆ ಗಾಳಿಯನ್ನು ಅದು ಅಲ್ಲೇ ಹಿಡಿದು ಹೊರಗೆ ಹಾಕುತ್ತೆ. ಕಾರ್ಡ್ ಇರುವುದು ಕೆಳಗೆ, ಅಲ್ಲಿಗೆ ಏನೂ ತಲುಪಲ್ಲ. ತನ್ನದೇ ಬಿಸಿಗಾಳಿಯನ್ನು ತಿರುಗಿಸಿ ತಿರುಗಿಸಿ ಕುಡಿಯುತ್ತಿದೆ. ಪಕ್ಕದ ಬಾಗಿಲು ತೆಗೆದಾಗ 13 ಡಿಗ್ರಿ ಇಳಿದದ್ದು ಅದಕ್ಕೇ.

ಗುಳುಗುಳು ಬಗ್ಗೆ. ಈ ಮುಚ್ಚಿದ ಕೂಲರ್‌ಗಳೊಳಗೆ ಚೂರು ಗಾಳಿ ಇದ್ದೇ ಇರುತ್ತೆ. ವರ್ಷ ಕಳೆದಂತೆ ಟ್ಯೂಬಿನ ಮೂಲಕ ದ್ರವ ಅಷ್ಟಿಷ್ಟು ಆವಿಯಾಗಿ ಅದು ಇನ್ನೂ ಜಾಸ್ತಿಯಾಗುತ್ತೆ. ಗಾಳಿಗುಳ್ಳೆ ಎತ್ತರದ ಜಾಗ ಹುಡುಕಿಕೊಂಡು ಹೋಗುತ್ತೆ. ಆ ಎತ್ತರದ ಜಾಗ ರೇಡಿಯೇಟರಿನ ತೊಟ್ಟಿ ಆಗಿರಬೇಕು, ಪಂಪ್ ಆಗಿರಬಾರದು. ನೀವು ರೇಡಿಯೇಟರನ್ನು ಮುಂದೆ, ಅದೂ ಕೆಳಗೆ ಕಟ್ಟಿದ್ದೀರಿ. ಅದರ ತಲೆ ಪಂಪಿಗಿಂತ ಕೆಳಗೋ ಸಮಕ್ಕೋ ಇದೆ ಅಂತ ನನ್ನ ಊಹೆ, ಒಂದು ಸ್ಕೇಲ್ ಇಟ್ಟು ನೋಡಿ. ಕಂಪ್ಯೂಟರ್ ಆಫ್ ಆಗಿದ್ದಾಗ ಗುಳ್ಳೆಗಳು ಪಂಪಿಗೆ ಏರಿ ಕೂರುತ್ತವೆ, ಬೆಳಿಗ್ಗೆ ಪಂಪ್ ಅವನ್ನು ಅಗಿಯುತ್ತೆ. ಬರೀ ಸದ್ದಿನ ಪ್ರಶ್ನೆ ಅಲ್ಲ. ಪಂಪಿನ ಬೇರಿಂಗ್‌ಗೆ ಆ ದ್ರವವೇ ಎಣ್ಣೆ ಇದ್ದ ಹಾಗೆ. ಗಾಳಿ ಅಗಿದರೆ ಬೇಗ ಸವೆಯುತ್ತೆ.

ಈಗಿರುವ ಆರು ಫ್ಯಾನ್‌ನಲ್ಲೇ ಮುಗಿಸಬಹುದು. ರೇಡಿಯೇಟರನ್ನು ಅದರ ಎರಡು ಫ್ಯಾನ್ ಸಮೇತ ನೆತ್ತಿಗೆ ಏರಿಸಿ, ಹೊರಕ್ಕೆ ತಳ್ಳುವ ಹಾಗೆ. ನೆತ್ತಿಯಲ್ಲಿದ್ದ ಎರಡನ್ನು ಮುಂದಕ್ಕೆ ತನ್ನಿ. ಮುಂದೆ ಮೂರು ಬರೀ ಫ್ಯಾನ್, ಹಿಂದಿನದು ಇದ್ದಲ್ಲೇ ಇರಲಿ. ಏರಿಸುವ ಮುಂಚೆ ಜಾಗ ಅಳೆಯಿರಿ. ರೇಡಿಯೇಟರ್ ಸಾಮಾನ್ಯವಾಗಿ 27 ಎಂಎಂ ದಪ್ಪ, ಫ್ಯಾನ್ 25, ಒಟ್ಟು 52. ತಗಲುವುದು ಹೆಚ್ಚಾಗಿ ರ್‍ಯಾಮ್ ಕಡ್ಡಿಯ ಮೇಲಿನ ಅಲಂಕಾರದ ತಗಡು. ಟ್ಯೂಬ್ ತಲುಪಿದರೆ ಪಂಪ್ ಬಿಚ್ಚಬೇಡಿ. ಬಿಚ್ಚಲೇಬೇಕಾಗಿ ಬಂದರೆ ಪ್ರೊಸೆಸರ್ ಮೇಲಿನ ಹಳೇ ಥರ್ಮಲ್ ಪೇಸ್ಟ್ ಪೂರ್ತಿ ಒರೆಸಿ ಹೊಸದು ಹಾಕಿ.

ಸ್ಕ್ರೂ ಜೋಪಾನ. ಫ್ಯಾನ್ ತೂರಿ ರೇಡಿಯೇಟರಿಗೆ ಹೋಗುವುದು ಉದ್ದದ್ದು. ಕ್ಯಾಬಿನೆಟ್ ತಗಡಿನಿಂದ ನೇರ ರೇಡಿಯೇಟರಿಗೆ ಹೋಗುವುದು ಗಿಡ್ಡದ್ದು. ಅಲ್ಲಿ ಉದ್ದದ್ದು ಹಾಕಿ ತಿರುಗಿಸಿದರೆ ನೀರಿನ ನಾಳಕ್ಕೇ ತೂತು ಬೀಳಬಹುದು.

ಹಬ್ ತೆಗೆದುಬಿಡಿ. ಪಂಪ್ ಮದರ್‌ಬೋರ್ಡಿನ ಅದರದೇ ಹೆಡರ್‌ನಲ್ಲಿ (ವೈರ್ ಸಿಕ್ಕಿಸುವ ಪಿನ್‌ಗಳು), ಸದಾ ಪೂರ್ತಿ ವೇಗ. ರೇಡಿಯೇಟರಿನ ಎರಡು ಫ್ಯಾನ್ ಸ್ಪ್ಲಿಟರ್ ಹಾಕಿ ಸಿಪಿಯು ಫ್ಯಾನ್ ಹೆಡರ್‌ಗೆ. ಅದು ಖಾಲಿ ಇದ್ದರೆ ಎಷ್ಟೋ ಬೋರ್ಡ್‌ಗಳು ಆನ್ ಆಗುವಾಗಲೇ ತಕರಾರು ತೆಗೆಯುತ್ತವೆ. ಉಳಿದವು ಕ್ಯಾಬಿನೆಟ್ ಫ್ಯಾನ್ ಹೆಡರ್‌ಗೆ. ಒಂದು ಹೆಡರ್ ಸಾಮಾನ್ಯವಾಗಿ 1 ಆಂಪಿಯರ್ ತಾಳುತ್ತೆ. ಫ್ಯಾನಿನ ಬೆನ್ನ ಮೇಲೆ ಅದು ಎಷ್ಟು ಎಳೆಯುತ್ತೆ ಅಂತ ಬರೆದಿರುತ್ತೆ, ಕೂಡಿಸಿ ನೋಡಿ. ಒಂದು ಮಾತು, ಹಬ್ ಜೊತೆ ಬಂದ ಫ್ಯಾನ್‌ಗಳು 3 ಪಿನ್ ಆಗಿದ್ದರೆ ಬಯಾಸ್‌ನಲ್ಲಿ (ಮದರ್‌ಬೋರ್ಡಿನ ಸೆಟ್ಟಿಂಗ್ ಪರದೆ) ಆ ಹೆಡರನ್ನು ಡಿಸಿ (ವೋಲ್ಟೇಜ್ ಏರಿಳಿಸಿ ವೇಗ ಬದಲಿಸುವುದು) ಅಂತ ಬದಲಿಸಿ. ಪಿಡಬ್ಲ್ಯೂಎಂನಲ್ಲಿ (ನಾಲ್ಕನೇ ಪಿನ್ನಿನ ಸಂಕೇತದಿಂದ ವೇಗ ಬದಲಿಸುವುದು) ಬಿಟ್ಟರೆ ಅವು ಮತ್ತೆ ಪೂರ್ತಿ ವೇಗದಲ್ಲೇ ಓಡುತ್ತವೆ.

ಕೊನೆಗೆ, ಫ್ಯಾನ್ ಕಂಟ್ರೋಲ್ ಅನ್ನೋ ಉಚಿತ ತಂತ್ರಾಂಶ ಹಾಕಿಕೊಂಡು ಮುಂದಿನ ಮೂರು ಮತ್ತು ಹಿಂದಿನ ಒಂದನ್ನು ಗ್ರಾಫಿಕ್ಸ್ ಕಾರ್ಡ್ ಶಾಖಕ್ಕೆ ಕಟ್ಟಿ. ಅಸಲಿ ಮದ್ದು ಇದೇ. ಉಳಿದದ್ದೆಲ್ಲ ಪಥ್ಯ.

ಉಷ್ಣಮಾಪಕ

ಹಳೇಮದರ್‌ಬೋರ್ಡ್ ಹೇಳಿದ್ದರಲ್ಲಿ ಒಂದು ಒಪ್ಪಲ್ಲ. ರೇಡಿಯೇಟರ್ ಮುಂದೆ ಇದ್ದರೆ ಹೊರಗಿನ ತಣ್ಣನೆ ಗಾಳಿ ಸಿಗುತ್ತೆ. ನೆತ್ತಿಗೆ ಏರಿಸಿದರೆ ಕಾರ್ಡ್ ಉಗುಳಿದ ಬಿಸಿಗಾಳಿಯಲ್ಲೇ ಪ್ರೊಸೆಸರ್ ತಣ್ಣಗಾಗಬೇಕು. ಲಿಕ್ವಿಡ್ ಕೂಲರ್ ತಂದು ಅದಕ್ಕೆ ಬಿಸಿಗಾಳಿ ಕೊಡೋದು ಎಲ್ಲಿಯ ನ್ಯಾಯ? ಮುಂದೆಯೇ ಇರಲಿ, ಮೇಲಕ್ಕೆ ಸರಿಸಿದರೆ ಸಾಕು. ರೇಡಿಯೇಟರಿನ ತಲೆ ಪಂಪಿಗಿಂತ ಎತ್ತರಕ್ಕೆ ಬರುತ್ತೆ, ಗುಳುಗುಳುವೂ ಹೋಗುತ್ತೆ. ಕೆಳಗೆ ಖಾಲಿಯಾದ ಜಾಗದಲ್ಲಿ ಬರೀ ಫ್ಯಾನ್ ಹಾಕಿದರೆ ನೇರ ಕಾರ್ಡ್‌ಗೆ ಗಾಳಿ.

ಹಳೇಮದರ್‌ಬೋರ್ಡ್

ನಿಮ್ಮ ಮಾತು ತೆಗೆದುಹಾಕುವಂಥದ್ದಲ್ಲ. ದಿನವಿಡೀ ಪ್ರೊಸೆಸರ್ ದುಡಿಸುವವರಿಗೆ ನಾನೂ ಮುಂದೆಯೇ ಇಡಿ ಅಂತೀನಿ. ಇವರದು ಹಾಗಲ್ಲ.

ಒಂದು ಚಿಕ್ಕ ಲೆಕ್ಕ ನೋಡಿ. ವ್ಯಾಟ್ ಅನ್ನು 1.76ರಿಂದ ಗುಣಿಸಿ, ನಿಮಿಷಕ್ಕೆ ಹರಿಯುವ ಗಾಳಿಯ ಘನ ಅಡಿಯಿಂದ ಭಾಗಿಸಿದರೆ ಗಾಳಿ ಎಷ್ಟು ಡಿಗ್ರಿ ಬಿಸಿಯಾಗುತ್ತೆ ಅಂತ ಸುಮಾರಾಗಿ ಸಿಗುತ್ತೆ. ರೆಂಡರ್ ಹೊತ್ತಲ್ಲಿ ಇವರ ಪ್ರೊಸೆಸರ್ 60 ವ್ಯಾಟ್ ಅಂತಿಟ್ಟುಕೊಳ್ಳಿ. ರೇಡಿಯೇಟರ್ ಮೂಲಕ 40 ಘನ ಅಡಿ ಗಾಳಿ ಹೋದರೆ ಅದು ಬಿಸಿಯಾಗೋದು ಎರಡೂವರೆ ಡಿಗ್ರಿಯಷ್ಟೇ. ಅಂದರೆ ರೇಡಿಯೇಟರಿನ ಬಿಸಿ ಕಾರ್ಡನ್ನು ಬೇಯಿಸುತ್ತಿದೆ ಅಂತ ಎಲ್ಲರೂ ಹೇಳೋದು ಇಲ್ಲಿ ನಿಜ ಅಲ್ಲ. ತೊಂದರೆ ರೇಡಿಯೇಟರಿನ ಬಿಸಿಯದಲ್ಲ, ಅದರ ಅಡ್ಡಿಯದು. ಕಾರ್ಡ್, ಪ್ರೊಸೆಸರ್, ಉಳಿದ ಚಿಲ್ಲರೆ ಎಲ್ಲ ಸೇರಿ 400 ವ್ಯಾಟ್ ಅನ್ನೋಣ. ಕ್ಯಾಬಿನೆಟ್ ಮೂಲಕ 100 ಘನ ಅಡಿ ಹರಿದರೆ ಒಳಗಿನ ಗಾಳಿ 7 ಡಿಗ್ರಿ ಏರುತ್ತೆ. 40 ಹರಿದರೆ ಹದಿನೇಳೂವರೆ. ಆಟ ನಡೆಯೋದು ಇಲ್ಲಿ.

ನೆತ್ತಿಗೆ ಏರಿಸಿದರೆ ಪ್ರೊಸೆಸರ್ ನಾಲ್ಕೈದು ಡಿಗ್ರಿ ಜಾಸ್ತಿ ಆಗಬಹುದು. ಆಗಲಿ. 58 ಹೋಗಿ 63 ಆದರೆ ಯಾರಿಗೂ ಏನೂ ಆಗಲ್ಲ. 84ರಲ್ಲಿರುವ ಕಾರ್ಡಿಗೆ ಹತ್ತು ಡಿಗ್ರಿ ಇಳಿಯೋದು ದೊಡ್ಡ ವಿಷಯ.

ಇನ್ನು ಫ್ಯಾನಿನ ದಿಕ್ಕು. ಇದನ್ನು ಹೇಳದೆ ಬಿಟ್ಟರೆ ನನ್ನ ಮನಸ್ಸಿಗೇ ಸಮಾಧಾನ ಇಲ್ಲ, ಯಾಕಂದ್ರೆ ನಾನೇ ಎಂಟು ತಿಂಗಳು ತಪ್ಪು ಮಾಡಿಕೊಂಡು ಕೂತಿದ್ದೆ. ಫ್ಯಾನಿನ ತೆರೆದ ಮುಖದಿಂದ ಗಾಳಿ ಒಳಗೆ ಹೋಗುತ್ತೆ. ಮೋಟಾರನ್ನು ಹಿಡಿದಿರುವ ಕೈಗಳು ಇರುವ ಬೆನ್ನಿನ ಕಡೆ ಹೊರಗೆ ಬರುತ್ತೆ. ನಾನು ಹಿಂದಿನ ಫ್ಯಾನಿನ ಚಂದದ ಮುಖ ಹೊರಗಡೆಗೆ ಕಾಣಲಿ ಅಂತ ತಿರುಗಿಸಿ ಹಾಕಿದ್ದೆ. ಹೊರಗೆ ಹಾಕಬೇಕಾದ್ದು ಒಳಗೆ ಎಳೆಯುತ್ತಿತ್ತು. ಮುಂದಿನಿಂದಲೂ ಗಾಳಿ, ಹಿಂದಿನಿಂದಲೂ ಗಾಳಿ, ನಡುವೆ ಕುಸ್ತಿ. ಈಗ ಬ್ಲೇಡನ್ನೇ ತಿರುವುಮುರುವು ಮಾಡಿದ ಫ್ಯಾನೂ ಬರುತ್ತವೆ, ಚಂದದ ಮುಖದಿಂದಲೇ ಊದುವಂಥವು. ಹಾಗಾಗಿ ಕಣ್ಣನ್ನು ನಂಬಬೇಡಿ, ಟಿಶ್ಯೂ ಪೇಪರ್ ನಂಬಿ. ಬೆರಳು ದೂರ ಇರಲಿ.

ತಿರುಪುಮೊಳೆ

ನೆತ್ತಿಗೆ ಏರಿಸಿದ ಮೇಲೆ ಆನ್ ಮಾಡಿ, ಕ್ಯಾಬಿನೆಟ್ಟನ್ನು ನಿಧಾನಕ್ಕೆ ಹಿಂದೆ ಮುಂದೆ ವಾಲಿಸಿ. ಟ್ಯೂಬಿನಲ್ಲಿ ಸಿಕ್ಕಿಕೊಂಡ ಗುಳ್ಳೆ ಮೇಲೆ ಹೋಗುತ್ತೆ. ಮೊದಲ ಒಂದೆರಡು ದಿನ ಸದ್ದು ಬಂದರೆ ಗಾಬರಿ ಬೇಡ.

ಗಾಜಿನಿಂದಲೇ 5 ಡಿಗ್ರಿ ಜಾಸ್ತಿ ಆಗುತ್ತಿತ್ತು ಅನ್ನೋದನ್ನೂ ಮರೀಬೇಡಿ. ಅದು ಕ್ಲಿಪ್‌ನಲ್ಲಿ ಕೂರುವಂಥದ್ದಾದರೆ ರೆಂಡರ್ ರಾತ್ರಿಗಳಲ್ಲಿ ತೆಗೆದಿಡಿ. ಮಲಗಿರುವಾಗ ಯಾರು ನೋಡ್ತಾರೆ.

ರಾತ್ರಿರೆಂಡರ್

ಎರಡು ವಾರ ಆಯಿತು, ವರದಿ ಒಪ್ಪಿಸಿಬಿಡುತ್ತೇನೆ.

ಮೊದಲು ಟಿಶ್ಯೂ ಪರೀಕ್ಷೆ. ಹಿಂದಿನ ಸ್ಲಾಟ್ ಹತ್ತಿರ ಹಿಡಿದೆ. ಅಂಟಿಕೊಳ್ಳೋದಿರಲಿ, ತುದಿ ಹರಿದು ಒಳಗೇ ಹೋಯಿತು! ಅದನ್ನು ಚಿಮಟದಲ್ಲಿ ಹಿಡಿದು ತೆಗೆಯಬೇಕಾಯಿತು. ಗಾಜಿನ ಸಂದಿಯಲ್ಲಿ ಪಟ್ಟಿ ಜೋತುಬಿದ್ದುಕೊಂಡೇ ಇತ್ತು. ಆಮೇಲೆ ಸ್ಕೇಲ್ ಇಟ್ಟು ನೋಡಿದೆ. ರೇಡಿಯೇಟರಿನ ತಲೆ ಪಂಪಿಗಿಂತ ಒಂದು ಸೆಂಟಿಮೀಟರ್ ಕೆಳಗಿತ್ತು.

ಭಾನುವಾರ ಪೂರ್ತಿ ಅದಕ್ಕೇ ಹೋಯಿತು. ನೆತ್ತಿಯಲ್ಲಿ ಜಾಗ ಇತ್ತು, ಆದರೆ ರೇಡಿಯೇಟರ್ ಫ್ಯಾನಿನ ವೈರ್ ರ್‍ಯಾಮ್ ಮೇಲೆ ಕೂರುತ್ತಿತ್ತು. ಫ್ಯಾನ್ ಬಿಚ್ಚಿ, ವೈರ್ ಹಿಂಬದಿಗೆ ಬರುವ ಹಾಗೆ ತಿರುಗಿಸಿ ಮತ್ತೆ ಕಟ್ಟಿದೆ. ಎಂಟು ಸ್ಕ್ರೂ, ಎರಡು ಸಲ. ಪಂಪ್ ಮುಟ್ಟಲಿಲ್ಲ. ಹಬ್‌ನಲ್ಲಿದ್ದ ಫ್ಯಾನ್‌ಗಳು 3 ಪಿನ್ನೇ ಆಗಿದ್ದವು, ಡಿಸಿ ಮಾಡಿದೆ. ಅದನ್ನು ಹೇಳದಿದ್ದರೆ ಇನ್ನೊಂದು ವಾರ ತಲೆ ಕೆರೆದುಕೊಳ್ಳುತ್ತಿದ್ದೆ.

ಈಗ ಗಾಜು ಹಾಕಿಯೇ ಕಾರ್ಡ್ 74, ಹಾಟ್‌ಸ್ಪಾಟ್ 87. ಗಾಜು ತೆಗೆದರೆ 71. ಪ್ರೊಸೆಸರ್ 58 ಇದ್ದದ್ದು 62. ಉಷ್ಣಮಾಪಕ ಹೇಳಿದ್ದೂ ಸುಳ್ಳಲ್ಲ, ಪ್ರೊಸೆಸರ್ ಮೇಲೇ ಪೂರ್ತಿ ಭಾರ ಹಾಕಿ ನೋಡಿದರೆ ಮೊದಲಿಗಿಂತ 4 ಡಿಗ್ರಿ ಜಾಸ್ತಿ. ನನಗೆ ಪರವಾಗಿಲ್ಲ. 6 ಗಂಟೆ 40 ನಿಮಿಷ ತಗೊಳ್ಳುತ್ತಿದ್ದ ಅದೇ ಸೀನ್ 6 ಗಂಟೆ 28 ನಿಮಿಷಕ್ಕೆ ಮುಗಿಯಿತು. ಗುಳುಗುಳು ಮೂರನೇ ದಿನದಿಂದ ಇಲ್ಲ. ಆಮೇಲೆ ಮುಂದಿನ ಫಿಲ್ಟರ್ ಬೂದು ಬಣ್ಣಕ್ಕೆ ತಿರುಗಿದೆ. ಧೂಳು ನೋಡಿ ಇಷ್ಟು ಖುಷಿಪಟ್ಟದ್ದು ಇದೇ ಮೊದಲು.

ಒಂದು ಕಿರಿಕಿರಿ ಉಳಿದಿದೆ. ಮುಂದಿನ ಫ್ಯಾನ್‌ಗಳು 1,000 ಆರ್‌ಪಿಎಂ ದಾಟುವಾಗ ಎಲ್ಲಿಂದಲೋ ಗುಂಯ್ ಅನ್ನುತ್ತೆ. 1,100 ಆದರೆ ಇಲ್ಲ, 950ಕ್ಕೂ ಇಲ್ಲ. ಫ್ಯಾನ್ ಹೋಯಿತಾ?

ಹಳೇಮದರ್‌ಬೋರ್ಡ್

ಫ್ಯಾನ್ ಹೋಗಿದ್ದರೆ ಸಾಮಾನ್ಯವಾಗಿ ಎಲ್ಲ ವೇಗದಲ್ಲೂ ಗೊಣಗುತ್ತೆ. ಒಂದೇ ಒಂದು ವೇಗದಲ್ಲಿ ಬರುತ್ತಿದೆ ಅಂದರೆ ಯಾವುದೋ ತಗಡೋ ಗಾಜೋ ಜೊತೆಗೆ ನಡುಗುತ್ತಿದೆ. ಸದ್ದು ಬರುವಾಗ ಒಂದೊಂದೇ ಭಾಗವನ್ನು ಬೆರಳಿನಿಂದ ಒತ್ತಿ ನೋಡಿ. ಯಾವುದನ್ನು ಒತ್ತಿದಾಗ ನಿಲ್ಲುತ್ತೋ ಅದೇ ಕಳ್ಳ. ಸಿಗದಿದ್ದರೆ ಫ್ಯಾನ್ ಕಂಟ್ರೋಲ್‌ನಲ್ಲಿ ಆ ವೇಗದಲ್ಲಿ ನಿಲ್ಲದ ಹಾಗೆ ಗೆರೆ ಎಳೆಯಿರಿ, 950ರಿಂದ ಸೀದಾ 1,100ಕ್ಕೆ ಹಾರಲಿ.

ರಾತ್ರಿರೆಂಡರ್

ಮುಂದಿನ ಗಾಜು ಸಾರ್. ದಿನಾ ರಾತ್ರಿ ತೆಗೆದು ಬೆಳಿಗ್ಗೆ ಹಾಕ್ತೀನಲ್ಲ, ಕೆಳಗಿನ ಎಡಗಡೆ ಕ್ಲಿಪ್ ಪೂರ್ತಿ ಕೂತಿರಲಿಲ್ಲ. ಒತ್ತಿದೆ, ಟಕ್ ಅಂತು, ನಿಂತಿತು.